ಕೋಲಾರದ ಗಣಿಗಳೂ ಕಾರ್ಮಿಕ ಸಂಘದ ಚರಿತ್ರೆಯೂ

ಕಾರ್ಮಿಕ ಸಂಘಗಳ ಚರಿತ್ರೆಯೆಂದು ಅಚ್ಚಾಗುವ ಪುಸ್ತಕಗಳಲ್ಲಿ ಬಹುಪಾಲು ಅಧ್ಯಕ್ಷರ ಭಾವಚಿತ್ರದಿಂದ ಮೊದಲಾಗಿ ರಜತೋತ್ಸವದ ವರದಿಯಲ್ಲಿ ಮುಗಿಯುವುವು. ಅವುಗಳಲ್ಲಿ ಸಂಘವು ಕಾಣುವುದು, ಕಾರ್ಮಿಕನು ಕಾಣನು. ಜಾನಕಿ ನಾಯರ್ ಅವರು 1998ರಲ್ಲಿ ಆಂಗ್ಲಭಾಷೆಯಲ್ಲಿ ಪ್ರಕಟಿಸಿದ ‘ಮೈನರ್ಸ್ ಅಂಡ್ ಮಿಲ್‌ಹ್ಯಾಂಡ್ಸ್’ ಎಂಬ ಗ್ರಂಥವು ಈ ಜಾತಿಯದಲ್ಲ. ಸಂಸ್ಥಾನಕಾಲದ ಮೈಸೂರಿನ ಗಣಿ, ಗಿರಣಿಗಳಲ್ಲಿ ದುಡಿದವರ ಕೆಲಸ, ಬಾಳುವೆ, ರಾಜಕಾರಣಗಳೇ ಅದರ ವಿಷಯವು.

1930ರ ಕೋಲಾರದ ಮುಷ್ಕರವನ್ನು ವಾಚಕರು ವಿಶೇಷವಾಗಿ ಗಮನಿಸತಕ್ಕುದು. ಬೆರಳಚ್ಚು ಕೊಟ್ಟು ಹೆಸರು ಬರೆಯಿಸಬೇಕೆಂಬ ಹೊಸ ಕಟ್ಟಳೆಗೆ ಒಡಂಬಡದೆ ಸಾವಿರಾರು ಮಂದಿ 21 ದಿನ ಗಣಿಗಿಳಿಯಲಿಲ್ಲ. ಬೆರಳಚ್ಚು ಕಳ್ಳರಿಂದ ತೆಗೆದುಕೊಳ್ಳತಕ್ಕ ಗುರುತು. ಮಾನವಂತನು ಅದಕ್ಕೆ ಕೈ ನೀಡುವನೆ? ಆಗ ಅವರಿಗೆ ನೋಂದಾಯಿತ ಸಂಘವಿರಲಿಲ್ಲ. ಮೈಸೂರಿನಲ್ಲಿ ಸಂಘಗಳಿಗೆ ಕಾಯಿದೆಯ ಮನ್ನಣೆ ದೊರೆತುದು 1941, 1942ರ ಕಾರ್ಮಿಕ ಶಾಸನಗಳಿಂದ. ಹೀಗಿರಲು ಸಂಘದ ಆಯುಸ್ಸನ್ನು ನೋಂದಣಿಯ ದಿನದಿಂದ ಎಣಿಸುವುದು ಮಗುವಿನ ವಯಸ್ಸನ್ನು ನಾಮಕರಣದಿಂದ ಎಣಿಸಿದಂತೆಯೇ ಸರಿ. ಪಾಣಿನಿಯು ಸಂಘ ಶಬ್ದಕ್ಕೆ ಗಣವೆಂಬ ಅರ್ಥವನ್ನು ಹೇಳಿರುವನಲ್ಲದೆ ರಿಜಿಸ್ಟರಿನ ಮಾತೆತ್ತಿಲ್ಲ!

ಗ್ರಂಥದ ಕೊರತೆಯೊಂದುಂಟು, ಅದು ಕರ್ತೃವಿನ ದೋಷವಲ್ಲ, ಎತ್ತಿಕೊಂಡ ಎಲ್ಲೆಯದು. ಸಂಸ್ಥಾನದೊಡನೆ ಕಥೆಯೂ ನಿಲ್ಲುವುದು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಸೇರಿದವು. 1962ರಲ್ಲಿ ಕೇಂದ್ರದ ವಶವಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಯಾಯಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಅಂದು ಎದುರಾಳಿಯು ಪರದೇಶದ ಒಡೆಯನು. ತಾನೇ ಮತಕೊಟ್ಟು ನಿಲ್ಲಿಸಿದ ಸರ್ಕಾರವು ಒಡೆಯನಾದ ಮೇಲೆ ಸಂಘವು ಯಾರ ಬಾಗಿಲಲ್ಲಿ ನಿಂತು ಕೂಗಬೇಕು? ಮೂರು ಕಿಲೋಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆ ಸಿಡಿದರೆ ಸಾಯುವವನಿಗೆ ಒಡೆತನದ ಬದಲಾವಣೆಯಿಂದ ಬಂದುದೇನು? ಸಾರ್ವಜನಿಕ ಉದ್ಯಮದ ಸಂಘಚರಿತ್ರೆಯ ತಿರುಳೆಲ್ಲ ಇಲ್ಲಿದೆ. ಗಣಿಯವರಲ್ಲಿ ಹೆಚ್ಚಿನವರ ಮಾತು ತಮಿಳು, ತೆಲುಗು. ಆದಕಾರಣ ಇದು ಕನ್ನಡಿಗರ ಚರಿತ್ರೆಯಲ್ಲವೆಂದು ಬದಿಗಿಡುವುದು ವಿದ್ವತ್ತಲ್ಲ, ಸೋಮಾರಿತನವು.

1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ನನಿಗೆ ಮಸ್ಕಿಯ ಅಶೋಕಶಾಸನವು ದೊರೆತುದನ್ನು ಕೊಪ್ಪಳ, ರಾಯಚೂರು ಸೀಮೆಯ ಶಾಲೆಯ ಮಕ್ಕಳೂ ಬಲ್ಲರು. ಅದೇ ಲಿಂಗಸುಗೂರಿನ ಕಡೆಯ ಹಟ್ಟಿಯಲ್ಲಿ ಸರ್ಕಾರದ ಚಿನ್ನದ ಗಣಿಯು ಇಂದಿಗೂ ನಡೆಯುತ್ತಿದೆ. ಕಾರ್ಮಿಕರು ಮತಹಾಕಿ ಸಂಘವನ್ನು ಆರಿಸುವರು. ಅಲ್ಲಿಯ ಹಳೆಯ ಕರಪತ್ರಗಳು ಗೆದ್ದಲಿಗೆ ಸಲ್ಲುವ ಮೊದಲು, ಪಾಳಿ ಮುಗಿಸಿ ಮನೆಯಲ್ಲಿ ಕುಳಿತಿರುವ ವೃದ್ಧರ ಮಾತುಗಳೊಡನೆ ಅವುಗಳನ್ನು ಕೂಡಿಹಾಕುವವರಿಗೆ ಈ ಗ್ರಂಥವು ಒಳ್ಳೆಯ ಮೇಲ್ಪಂಕ್ತಿಯಾಗಿರುವುದು.