ಆರು ಮಿಲಿಮೀಟರ್ ಸೈನಿಕನ ಕಾಲಡಿಯ ನೆಲ

ಮೇಜಿನ ಮೇಲೆ ಪ್ರಾಚೀನ ಯುದ್ಧಗಳನ್ನು ಆಡುವ ವಾರ್‌ಗೇಮಿಂಗ್ ಬಗ್ಗೆ ಸಾಹಿತ್ಯದ ಓದುಗರ ಮುಂದೆ ಮಾತಾಡಲು ನನ್ನಲ್ಲಿರುವ ಸಮರ್ಥನೆ ಒಂದೇ: ಅದೂ ಹಳೆಯ ಪಠ್ಯಗಳನ್ನು ಓದುವ ಒಂದು ಬಗೆ. ಆ ಓದು ನಡೆಯುವುದು ಆಟದ ಹೊತ್ತಿನಲ್ಲಿ ಅಂದುಕೊಳ್ಳುತ್ತೇವೆ. ನನಗೆ ಅದು ಅದಕ್ಕೂ ಮೊದಲೇ, ಗೊಂಬೆಗಳಿಗೆ ನೆಲ ಅಂಟಿಸುವಾಗ ನಡೆದುಹೋಗುತ್ತದೆ ಅನ್ನಿಸಿದೆ.

ಎಚ್.ಜಿ. ವೆಲ್ಸ್ 1913ರಲ್ಲಿ 'ಲಿಟಲ್ ವಾರ್ಸ್' ಬರೆದಾಗ ಅವನ ಆಟದ ಸೈನಿಕ ಸುಮಾರು 54 ಮಿ.ಮೀ. ಎತ್ತರದವನು. ತನ್ನ ಕಾಲ ಮೇಲೆ ತಾನೇ ನಿಂತವನು. ಸ್ಪ್ರಿಂಗ್ ಫಿರಂಗಿಯ ಮರದ ಗುಂಡು ತಗುಲಿದರೆ ಅವನೊಬ್ಬನೇ ಬೀಳುತ್ತಿದ್ದ. ನಾನು ಬಣ್ಣ ಹಚ್ಚುವ ಸೈನಿಕನ ಎತ್ತರ 6 ಮಿ.ಮೀ., ಒಂದು ಅಕ್ಕಿಕಾಳಿನಷ್ಟು. ನಾಲ್ವರು ಒಂದೇ ಪಟ್ಟಿಯಲ್ಲಿ ಅಚ್ಚಾಗಿ ಬರುತ್ತಾರೆ. ಅವರನ್ನು ಹತ್ತಾರು ಜನರ ಜೊತೆ ಒಂದು ಹಲಗೆಗೆ ಅಂಟಿಸಬೇಕು. ಹವ್ಯಾಸಿಗಳು ಈ ಹಲಗೆಯನ್ನು ಬೇಸ್ ಎನ್ನುತ್ತಾರೆ. ಆಟದ ನಿಯಮಗಳು ಎಣಿಸುವುದು ಈ ಬೇಸನ್ನು, ಮನುಷ್ಯನನ್ನಲ್ಲ. 1990ರಲ್ಲಿ ಬಂದ 'ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್' ನಿಯಮಾವಳಿಯಲ್ಲಿ ಒಂದು ಸೇನೆ ಎಂದರೆ 12 ಬೇಸ್, ಅಷ್ಟೆ. ಸೋತರೆ ಇಡೀ ಬೇಸನ್ನೇ ಎತ್ತಿ ಪಕ್ಕಕ್ಕಿಡುತ್ತೇವೆ. ಸತ್ತವರು ಯಾರು, ಓಡಿದವರು ಯಾರು ಎಂಬ ಪ್ರಶ್ನೆಯೇ ಏಳುವುದಿಲ್ಲ. ವೆಲ್ಸ್‌ನ ಆಟದಲ್ಲಿ ಕಾದಂಬರಿಕಾರನ ಕಣ್ಣಿದೆ, ಇದರಲ್ಲಿ ಚರಿತ್ರಕಾರನ ಕಣ್ಣು.

ತಯಾರಿಯ ಕೆಲಸ ಬೇಸರದ್ದೇ. ಅಚ್ಚಿನಂಚಿನಲ್ಲಿ ಉಳಿದ ಲೋಹದ ಎಳೆಗಳನ್ನು ಅರದಿಂದ ಉಜ್ಜಬೇಕು, ಸೋಪಿನ ನೀರಲ್ಲಿ ತೊಳೆಯಬೇಕು, ಐಸ್‌ಕ್ರೀಂ ಕಡ್ಡಿಗೆ ಸಾಲಾಗಿ ಅಂಟಿಸಿ ಪ್ರೈಮರ್ ಹೊಡೆಯಬೇಕು. ಬಣ್ಣ ನಿಜಕ್ಕಿಂತ ಒಂದು ಪಟ್ಟು ತಿಳಿಯಾಗಿರಬೇಕು, ಇಲ್ಲದಿದ್ದರೆ ಎರಡು ಅಡಿ ದೂರದಿಂದ ಇಡೀ ಪಡೆ ಒಂದು ಕಪ್ಪು ಚುಕ್ಕೆ. ಇದರಲ್ಲಿ ವಾದಕ್ಕೆ ಜಾಗವಿಲ್ಲ. ವಾದ ಶುರುವಾಗುವುದು ಬೇಸಿಗೆ ಫೆವಿಕಾಲ್ ಹಚ್ಚಿ ಮರಳು ಉದುರಿಸುವಾಗ.

ಈ ಅಳತೆಯಲ್ಲಿ ಒಂದು ಮಿಲಿಮೀಟರ್ ಎಂದರೆ ಸುಮಾರು 30 ಸೆಂ.ಮೀ. ಹಾಗಾಗಿ ಅರ್ಧ ಮಿ.ಮೀ. ಮರಳಿನ ಕಣ ತೆಂಗಿನಕಾಯಿ ಗಾತ್ರದ ಕಲ್ಲಾಗುತ್ತದೆ. ಅಂಗಡಿಯಲ್ಲಿ ಸಿಗುವ 2 ಮಿ.ಮೀ. ಕೃತಕ ಹುಲ್ಲು ಸೈನಿಕನ ತೊಡೆಯವರೆಗೆ ಬರುತ್ತದೆ. 3 ಮಿ.ಮೀ. ಎಂಡಿಎಫ್ ಬೇಸ್ ಸೊಂಟದೆತ್ತರದ ಜಗಲಿ. ಮ್ಯಾಸಿಡೋನಿಯದ ಐದೂವರೆ ಮೀಟರ್ ಈಟಿ ಇಲ್ಲಿ 18 ಮಿ.ಮೀ.; ಮುರಿಯಬಾರದೆಂದು ಅದನ್ನು ಅರ್ಧ ಮಿ.ಮೀ. ದಪ್ಪಕ್ಕೆ ಎರಕ ಹೊಯ್ದರೆ ಸೈನಿಕ ಹಿಡಿದಿರುವುದು ಅಡಿಕೆ ಮರದ ಕಾಂಡವನ್ನು. ಈ ಸುಳ್ಳುಗಳಲ್ಲಿ ಕೆಲವನ್ನು ಕಣ್ಣು ಒಪ್ಪುತ್ತದೆ, ಕೆಲವನ್ನು ಒಪ್ಪುವುದಿಲ್ಲ. ಈಟಿಯನ್ನು ಒಪ್ಪುತ್ತದೆ. ತೊಡೆಯೆತ್ತರದ ಹುಲ್ಲನ್ನು ನಾನಂತೂ ಒಪ್ಪಲಾರೆ. ನುಣ್ಣನೆಯ ಮರಳು, ಕಂದು ಬಣ್ಣ, ಮೇಲೊಂದು ಒಣ ಬ್ರಷ್ಷಿನ ತಿಳಿ ಲೇಪ, ಅಷ್ಟು ಸಾಕು. ಬೇಸಿನ ಮೇಲೆ ಹೆಣಗಳನ್ನೂ ಮುರಿದ ರಥಗಳನ್ನೂ ಜೋಡಿಸುವವರಿದ್ದಾರೆ. ಆಟ ಶುರುವಾಗುವ ಮೊದಲೇ ಸತ್ತವರು! ಅದು ಅಲಂಕಾರಕ್ಕಾಗಿ ಬಂದ ಕರುಣ ರಸ.

ಆದರೆ ಯಾವ ಕಂದು? ಕ್ರಿ.ಪೂ. 326ರ ಹೈಡಾಸ್ಪಿಸ್ ಯುದ್ಧವನ್ನೇ ತೆಗೆದುಕೊಳ್ಳಿ. ಅಲೆಕ್ಸಾಂಡರನ ಎದುರು ಪೋರಸ್, ನಡುವೆ ಇಂದಿನ ಝೇಲಂ ನದಿ. ಭಾರತದ ಕಡೆಯವರು ಬರೆದ ಒಂದು ಸಾಲೂ ಉಳಿದಿಲ್ಲ. ಉಳಿದಿರುವುದು ಶತಮಾನಗಳ ನಂತರ ಗ್ರೀಕಿನಲ್ಲೂ ಲ್ಯಾಟಿನ್ನಿನಲ್ಲೂ ಬರೆದವರ ಮಾತು. ಅರಿಯನ್ ಹೇಳುವಂತೆ ಮೊದಲ ಚಕಮಕಿಯಲ್ಲಿ ರಥಗಳನ್ನು ಕೆಸರು ಕೆಡಿಸಿತು. ಆಮೇಲೆ ಪೋರಸ್ ಕೆಸರಿಲ್ಲದ, ಮರಳಿನಿಂದ ಸಮತಟ್ಟಾಗಿ ಗಟ್ಟಿಯಾಗಿದ್ದ ಜಾಗವನ್ನು ಹುಡುಕಿ ಸೇನೆ ನಿಲ್ಲಿಸಿದ. ಕರ್ಟಿಯಸ್‌ನ ಮುಖ್ಯ ಯುದ್ಧದಲ್ಲಿ ಮಾತ್ರ ಬಿಲ್ಲುಗಾರರ ಕಾಲ ಕೆಳಗೂ ನೆಲ ಜಾರುತ್ತಿದೆ. ಇದು ಸಣ್ಣ ವ್ಯತ್ಯಾಸವಲ್ಲ. ಭಾರತದ ಬಿಲ್ಲು ಆಳೆತ್ತರದ್ದು. ಕೆಳತುದಿಯನ್ನು ನೆಲಕ್ಕೆ ಊರಿ, ಎಡಗಾಲಿನಿಂದ ಒತ್ತಿ ಬಾಣ ಬಿಡುತ್ತಿದ್ದರೆಂದು ಅರಿಯನ್ನನೇ ತನ್ನ 'ಇಂಡಿಕಾ'ದಲ್ಲಿ ಬರೆಯುತ್ತಾನೆ. ನೆಲ ಜಾರಿದರೆ ಬಿಲ್ಲು ನಿಲ್ಲದು. ಕರ್ಟಿಯಸ್‌ನನ್ನು ನಂಬಿದರೆ ಆ ಬಿಲ್ಲುಗಾರರನ್ನು ಸೋಲಿಸಿದ್ದರಲ್ಲಿ ಮಳೆಗೂ ಪಾಲಿದೆ. ಅರಿಯನ್‌ನ ಮರಳಿನ ಮೇಲೆ ಅವರಿಗೆ ಆ ನೆಪವಿಲ್ಲ.

ನಾನು ನೋಡಿದ ಹೆಚ್ಚಿನ ಪೋರಸ್ ಸೇನೆಗಳ ಬೇಸು ಹಸಿರು ಹುಲ್ಲಿನದು, ಇಂಗ್ಲೆಂಡಿನ ಹಿತ್ತಿಲಿನಂಥದು. ಎರಡು ಪಠ್ಯಗಳಲ್ಲಿ ಒಂದನ್ನೂ ಓದದ ನೆಲ ಅದು. ಆನೆಗಳ ವಿಷಯದಲ್ಲೂ ಹೀಗೆಯೇ. ಅರಿಯನ್ ಲೆಕ್ಕದಲ್ಲಿ ಪೋರಸ್‌ಗೆ 200 ಆನೆ, ಒಂದರಿಂದ ಇನ್ನೊಂದಕ್ಕೆ ನೂರು ಅಡಿಗೆ ಕಡಿಮೆಯಿಲ್ಲದ ಅಂತರ. ಡಿಯೋಡೋರಸ್‌ಗೆ ಆ ಸಾಲು ಕೋಟೆಯ ಬುರುಜುಗಳಂತೆಯೂ ನಡುವಿನ ಕಾಲಾಳುಗಳು ಗೋಡೆಯಂತೆಯೂ ಕಂಡವು. ನಮ್ಮ ಅಳತೆಯಲ್ಲಿ ಆ ಅಂತರ 10 ಸೆಂ.ಮೀ., ಇಡೀ ಸಾಲಿಗೆ 20 ಮೀಟರ್ ಮೇಜು ಬೇಕು. ಅಷ್ಟು ಮೇಜು ಯಾರ ಮನೆಯಲ್ಲೂ ಇಲ್ಲ, ಸರಿ. ಆದರೂ ಆನೆಗಳನ್ನು ಮೈಗೆ ಮೈ ತಾಗಿಸಿ ನಿಲ್ಲಿಸಿದರೆ ಬುರುಜು ಉಳಿದು ಗೋಡೆ ಮಾಯವಾಗುತ್ತದೆ. ಗಾಯಗೊಂಡ ಆನೆಗಳು ತುಳಿದದ್ದು ಆ ಗೋಡೆಯವರನ್ನೂ ಸೇರಿಸಿಯೇ. ಒಂದು ಬೇಸಿಗೆ ಒಂದೇ ಆನೆ, ಅದರ ಎರಡೂ ಪಕ್ಕದಲ್ಲಿ ನಾಲ್ಕಾರು ಕಾಲಾಳುಗಳು: ಇದು ನನ್ನ ಓದು. ನಿಯಮಾವಳಿಗೆ ಇದರಿಂದ ಏನೂ ಆಗಬೇಕಿಲ್ಲ, ಅದಕ್ಕೆ ಬೇಕಿರುವುದು ಹಲಗೆಯ ಅಗಲ ಮಾತ್ರ.

ಈಗ ನನ್ನ ಮೇಜಿನ ಮೇಲಿರುವ ಪೋರಸ್ ಸೇನೆಯಲ್ಲಿ ಆನೆಗಳು ಅರಿಯನ್‌ನ ಮಾಸಲು ಮರಳಿನ ಮೇಲಿವೆ. ಬಿಲ್ಲುಗಾರರ ಬೇಸಿಗೆ ಗಾಢ ಕಂದು ಹಚ್ಚಿ, ಅವರ ಎಡಗಾಲಿನ ಸುತ್ತ ಮಾತ್ರ ಹೊಳಪಿನ ವಾರ್ನಿಷ್ ಬಳಿದು ಒದ್ದೆ ಮಾಡಿದ್ದೇನೆ. ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಎರಡು ನೆಲಗಳ ಬಣ್ಣ ಹೊಂದುವುದಿಲ್ಲ. ಹೊಂದಿಸುವ ಯೋಚನೆ ನನಗಿಲ್ಲ.