ವೈದ್ಯವಿದ್ಯಾರ್ಥಿಯ ಧೈರ್ಯ

ಪಂಡಿತ ತಾರಾನಾಥರ ಹೆಸರನ್ನು ಹೊತ್ತ ಸರ್ಕಾರಿ ಆಯುರ್ವೇದ ಮಹಾವಿದ್ಯಾಲಯವು ಬಳ್ಳಾರಿ ನಗರದಲ್ಲಿರುವುದರಿಂದ, ಈ ಬಿಸಿಲುಸೀಮೆಗೆ ವೈದ್ಯವಿದ್ಯೆಯನ್ನರಸಿ ಬಂದ ತರುಣ ತರುಣಿಯರ ಕಣ್ಣೆದುರಿಗೆ ಮೊದಲ ದಿನದಿಂದಲೇ ಒಂದು ಉನ್ನತವಾದ ಆದರ್ಶವು ನಿಂತಿರುತ್ತದೆ. 1891ರಲ್ಲಿ ಜನಿಸಿ 1942ರಲ್ಲಿ ತೀರಿಕೊಂಡ ಆ ಮಹನೀಯರು ರಾಯಚೂರಿನಲ್ಲಿ ಹಮ್ದರ್ದ್ ಶಾಲೆಯನ್ನು ಕಟ್ಟಿ, ತುಂಗಭದ್ರೆಯ ದಡದಲ್ಲಿ ಪ್ರೇಮಾಯತನವೆಂಬ ಆಶ್ರಮವನ್ನು ನೆಲೆಗೊಳಿಸಿ, ‘ಪ್ರೇಮ’ ಪತ್ರಿಕೆಯನ್ನು ನಡೆಸಿ, ವೈದ್ಯವನ್ನೂ ಶಿಕ್ಷಣವನ್ನೂ ಕಲೆಯನ್ನೂ ಒಂದೇ ಬಾಳಿನೊಳಗೆ ಅಡಗಿಸಿಕೊಂಡವರು. ಆದರೆ ಆದರ್ಶವು ಗೋಡೆಯ ಮೇಲಣ ಭಾವಚಿತ್ರದಲ್ಲಿ ನಗುತ್ತಿರುವುದು ಒಂದು. ಎದುರಿಗೆ ಕುಳಿತ ರೋಗಿಯು ನಾಡಿ ತೋರಿಸಲು ಕೈ ಚಾಚಿದಾಗ ವಿದ್ಯಾರ್ಥಿಯ ಬೆರಳು ನಡುಗದಿರುವುದು ಮತ್ತೊಂದು. ಈ ಎರಡರ ನಡುವಣ ಅಂತರವನ್ನು ನಮ್ಮ ಶಿಕ್ಷಣಕ್ರಮವು ಎಷ್ಟರಮಟ್ಟಿಗೆ ತುಂಬುತ್ತಿದೆಯೆಂಬುದೇ ಇಲ್ಲಿ ವಿಚಾರಣೀಯವಾದ ಸಂಗತಿ. ನನ್ನ ಮಾತು ಯಾವುದೊಂದು ಸಂಸ್ಥೆಯನ್ನು ಉದ್ದೇಶಿಸಿದುದಲ್ಲ; ದೇಶಕ್ಕೆಲ್ಲ ಒಂದೇ ಆಗಿರುವ ಪಠ್ಯಕ್ರಮವನ್ನೂ, ಅದರ ಬೆನ್ನಿಗಿರುವ ಮನೋಧರ್ಮವನ್ನೂ ಕುರಿತುದು.

2022ರ ನಿಯಮಾವಳಿಯಂತೆ ಆಯುರ್ವೇದ ವೈದ್ಯಪದವಿಯು ತಲಾ 18 ತಿಂಗಳ ಮೂರು ಘಟ್ಟಗಳಾಗಿ ವಿಭಾಗಗೊಂಡು, ಕಡೆಯಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ಪಿನಿಂದ ಮುಗಿಯುತ್ತದೆ. ಪದಾರ್ಥವಿಜ್ಞಾನ, ರಚನಾಶಾರೀರ, ಕ್ರಿಯಾಶಾರೀರಗಳಿಂದ ಮೊದಲುಗೊಂಡು ಕಾಯಚಿಕಿತ್ಸೆ, ಪಂಚಕರ್ಮ, ಶಲ್ಯ, ಶಾಲಾಕ್ಯಗಳವರೆಗಿನ ಈ ದೀರ್ಘಯಾತ್ರೆಯಲ್ಲಿ ವಿದ್ಯಾರ್ಥಿಯು ಕಂಠಸ್ಥ ಮಾಡುವ ಶ್ಲೋಕಗಳಿಗೆ ಎಣೆಯಿಲ್ಲ. ಕಂಠಪಾಠವನ್ನು ನಾನು ಹಳಿಯಲಾರೆ; ರೋಗಿಯ ಬಳಿಯಲ್ಲಿ ಪುಸ್ತಕವನ್ನು ತಿರುವಿಹಾಕಲು ಅವಕಾಶವಿಲ್ಲವಾದುದರಿಂದ ಲಕ್ಷಣಾವಳಿಯು ನಾಲಗೆಯ ತುದಿಯಲ್ಲಿರುವುದು ಲೇಸೇ ಸರಿ. ಆದರೆ ವಾತವ್ಯಾಧಿಯ ಪ್ರಕರಣವನ್ನು ಅಕ್ಷರಲೋಪವಿಲ್ಲದೆ ಒಪ್ಪಿಸಿ ಅಂಕಗಳನ್ನು ಪಡೆದವನು, ಮೊಣಕಾಲು ಹಿಡಿದುಕೊಂಡು ಬಂದ ಕುರುಗೋಡಿನ ಮುದುಕಿಯೊಬ್ಬಳು ಅವನು ಬರೆದ ಕಷಾಯದ ಚೀಟಿಯನ್ನು ನೋಡಿ, “ಸೂಜಿ ಮಾಡಂಗಿಲ್ಲೇನ್ರಿ?” ಎಂದು ಕೇಳಿದ ಮಾತ್ರಕ್ಕೆ ಕಂಗೆಡುವನಾದರೆ, ಆ ಅಂಕಗಳು ಅಳೆದುದು ಏನನ್ನು? ಪದವಿಯನ್ನು ಪಡೆದ ಎಷ್ಟೋ ಮಂದಿ ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ರಾತ್ರಿಪಾಳಿಯ ವೈದ್ಯರಾಗಿ ಸೇರಿ, ತಾವು ಕಲಿತುದನ್ನು ಬದಿಗಿಟ್ಟು, ಕಲಿಯದುದನ್ನು ಅನ್ಯರ ಆಜ್ಞೆಯಂತೆ ನಡೆಸಿಕೊಂಡು ಹೋಗುವುದು ಎಲ್ಲರೂ ಬಲ್ಲ ಸಂಗತಿ. ಇದಕ್ಕೆ ಆರ್ಥಿಕ ಕಾರಣಗಳಿಲ್ಲವೆಂದಲ್ಲ. ಆದರೆ ಅದರ ಮೂಲದಲ್ಲಿ ತನ್ನ ಶಾಸ್ತ್ರವನ್ನು ತನ್ನ ಕೈಯಿಂದಲೇ ಪರೀಕ್ಷಿಸಿ ನೋಡದವನ ಅಳುಕು ಅಡಗಿದೆಯೆಂದು ನನಗೆ ತೋರುತ್ತದೆ.

ಈ ಅಳುಕಿಗೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡಲ್ಪಡುವ ಮದ್ದು ಪ್ರಾಚೀನತೆಯ ಸ್ತೋತ್ರ. ಸಮಾರಂಭಗಳಲ್ಲಿ, ಸ್ವಾಗತಭಾಷಣಗಳಲ್ಲಿ, ಸಹಸ್ರಾರು ವರ್ಷಗಳ ಪರಂಪರೆ, ಋಷಿಪ್ರಣೀತವಾದ ಜ್ಞಾನ ಎಂಬ ಮಾತುಗಳನ್ನು ಕೇಳಿ ಕೇಳಿ ವಿದ್ಯಾರ್ಥಿಯ ಎದೆಯು ಉಬ್ಬುತ್ತದೆ. ಮರುದಿನ ಹೊರರೋಗಿ ವಿಭಾಗದಲ್ಲಿ ಅದೇ ಎದೆಯು ಡವಗುಟ್ಟುತ್ತದೆ. ಪೂರ್ವಿಕರ ಮಹಿಮೆಯನ್ನು ಕೀರ್ತಿಸುವುದರಿಂದ ಲಭಿಸುವುದು ಅಭಿಮಾನವೇ ಹೊರತು ಆತ್ಮವಿಶ್ವಾಸವಲ್ಲ. ವಿಚಿತ್ರವೆಂದರೆ, ಯಾರನ್ನು ಹೀಗೆ ಹೊಗಳುತ್ತೇವೆಯೋ ಆ ಪೂರ್ವಿಕರೇ ಇಂಥ ಪೊಳ್ಳು ಧೈರ್ಯವನ್ನು ಕಂಡರೆ ಕಿಡಿಕಾರುತ್ತಿದ್ದರು. ಔಷಧದ ಪೆಟ್ಟಿಗೆಯನ್ನೂ ಗ್ರಂಥಗಳನ್ನೂ ಪ್ರದರ್ಶಿಸಿ ವೈದ್ಯನೆನಿಸಿಕೊಳ್ಳುವ ವೇಷಧಾರಿಯನ್ನು ಚರಕಸಂಹಿತೆಯು ಎಷ್ಟು ನಿಷ್ಠುರವಾಗಿ ಬಯಲಿಗೆಳೆದಿದೆಯೆಂಬುದನ್ನು ಸೂತ್ರಸ್ಥಾನವನ್ನು ಓದಿದ ಯಾವ ವಿದ್ಯಾರ್ಥಿಯೂ ಬಲ್ಲನು. ಅದೇ ಸ್ಥಾನದಲ್ಲಿ ವೈದ್ಯನಿಗೆ ಹೇಳಿರುವ ನಾಲ್ಕು ಗುಣಗಳಾದರೋ ಶಾಸ್ತ್ರದ ಸ್ಪಷ್ಟಜ್ಞಾನ, ಬಹುಬಾರಿ ಕರ್ಮವನ್ನು ಕಂಡಿರುವಿಕೆ, ದಕ್ಷತೆ ಮತ್ತು ಶುಚಿತ್ವ. ವಂಶ, ಪರಂಪರೆ, ವಾಕ್ಪಟುತ್ವಗಳಿಗೆ ಆ ಪಟ್ಟಿಯಲ್ಲಿ ಎಡೆಯಿಲ್ಲ. ಇಂದಿನ ಪಠ್ಯಕ್ರಮವು ಮೊದಲನೆಯ ಗುಣಕ್ಕೆ ಬಹುಪಾಲು ಸಮಯವನ್ನು ಧಾರೆಯೆರೆದು, ಎರಡನೆಯದನ್ನು ಬಹುಮಟ್ಟಿಗೆ ಕಡೆಯ ವರ್ಷಗಳ ಪಾಲಿಗೆ ಬಿಟ್ಟಿದೆಯೆಂದು ನನಗೆ ತೋರುತ್ತದೆ.

ಸುಶ್ರುತಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವನ್ನು ನಾನು ವೈದ್ಯಶಿಕ್ಷಣದ ಅತ್ಯಂತ ವಿವೇಕಯುತವಾದ ಪ್ರಕರಣಗಳಲ್ಲಿ ಒಂದೆಂದು ಎಣಿಸುತ್ತೇನೆ. ಶಾಸ್ತ್ರವನ್ನೆಲ್ಲ ಅರಗಿಸಿಕೊಂಡವನೂ ಅಭ್ಯಾಸವಿಲ್ಲದಿದ್ದರೆ ಕರ್ಮಕ್ಕೆ ಅಯೋಗ್ಯನೆಂದು ಮೊದಲಲ್ಲಿಯೇ ಸಾರುವ ಆ ಆಚಾರ್ಯನು, ಕುಂಬಳ, ಸೋರೆ, ಕಲ್ಲಂಗಡಿ, ಸೌತೆಗಳ ಮೇಲೆ ಛೇದನವೆಂಬ ಕತ್ತರಿಸುವಿಕೆಯನ್ನೂ, ನೀರು ಕೆಸರುಗಳನ್ನು ತುಂಬಿದ ಚರ್ಮದ ಚೀಲದ ಮೇಲೆ ಭೇದನವೆಂಬ ಸೀಳುವಿಕೆಯನ್ನೂ, ರೋಮವಿರುವ ತೊಗಲಿನ ಮೇಲೆ ಲೇಖನವೆಂಬ ಕೆರೆಯುವಿಕೆಯನ್ನೂ, ಸತ್ತ ಪಶುವಿನ ಸಿರೆ ಮತ್ತು ತಾವರೆಯ ದಂಟುಗಳ ಮೇಲೆ ವೇಧನವೆಂಬ ಚುಚ್ಚುವಿಕೆಯನ್ನೂ, ದಪ್ಪ ಬಟ್ಟೆಯ ಹಾಗೂ ಮೆತ್ತನೆಯ ಚರ್ಮದ ಅಂಚಿನಲ್ಲಿ ಹೊಲಿಗೆಯನ್ನೂ, ಮನುಷ್ಯಾಕಾರದ ಗೊಂಬೆಯ ಅಂಗಾಂಗಗಳ ಮೇಲೆ ಪಟ್ಟಿಕಟ್ಟುವಿಕೆಯನ್ನೂ, ನೀರು ತುಂಬಿದ ಕೊಡದ ಪಕ್ಕದ ರಂಧ್ರದಲ್ಲಿ ಬಸ್ತಿಯ (ಎನಿಮಾದ) ಪ್ರಯೋಗವನ್ನೂ ಮಾಡಿಸುವನು. ಅಡಿಗೆಮನೆ, ಕೆರೆ, ಚರ್ಮಕಾರನ ಅಂಗಡಿಗಳಿಂದ ತಂದ ಈ ಬಡ ಸಾಮಗ್ರಿಯ ಹಿಂದಿರುವ ಮನಶ್ಶಾಸ್ತ್ರವು ಅಚ್ಚರಿಯನ್ನುಂಟುಮಾಡುತ್ತದೆ. ತಪ್ಪಿದರೆ ಯಾರಿಗೂ ನೋವಾಗದ ಎಡೆಯಲ್ಲಿ ಬೇಕಾದಷ್ಟು ಸಲ ತಪ್ಪುವ ಹಕ್ಕನ್ನು ಅವನು ಶಿಷ್ಯನಿಗೆ ಕೊಟ್ಟಿದ್ದಾನೆ. ಪರೀಕ್ಷೆಯ ಕೋಣೆಯು ಕೊಡಲಾರದ ಹಕ್ಕು ಅದು. ಈಗ ಅಲ್ಲಲ್ಲಿ ಕೃತಕ ಮಾದರಿಗಳ ಮೇಲೆ ಅಭ್ಯಾಸ ಮಾಡಿಸುವ ಪ್ರಯೋಗಶಾಲೆಗಳು ತಲೆಯೆತ್ತುತ್ತಿರುವುದು ಸಂತೋಷದ ವಿಷಯವಾದರೂ, ಅವನ್ನು ಪರದೇಶದ ನೂತನ ಆವಿಷ್ಕಾರವೆಂಬಂತೆ ಉದ್ಘಾಟಿಸುವುದನ್ನು ಕಂಡಾಗ ನಗು ಬರುತ್ತದೆ.

ಕೈಯ ಅಭ್ಯಾಸದಷ್ಟೇ ಮುಖ್ಯವಾದುದು ಕಣ್ಣಿನ ಅಭ್ಯಾಸ; ಅದಕ್ಕೆ ಬಳ್ಳಾರಿಯ ಸುತ್ತಣ ನೆಲದಂಥ ಪಾಠಶಾಲೆಯು ಅಪೂರ್ವ. ಆಯುರ್ವೇದವು ದೇಶವನ್ನು ಜಾಂಗಲ, ಆನೂಪ, ಸಾಧಾರಣವೆಂದು ಮೂರಾಗಿ ವಿಂಗಡಿಸುತ್ತದೆ. ವಿರಳವಾದ ಮರಗಳು, ಒಣಗಾಳಿ, ಬಿಸಿಲ್ಗುದುರೆ, ಬೋರೆ, ಬನ್ನಿಗಳಿಂದ ಕೂಡಿ ವಾತಪಿತ್ತಗಳು ಪ್ರಬಲವಾಗಿರುವ ಜಾಂಗಲದ ವರ್ಣನೆಯನ್ನು ಓದಿದವನು, ಬಳ್ಳಾರಿ ಗುಡ್ಡದಿಂದಲೋ ಕುರುಗೋಡಿನ ಬಂಡೆಗಲ್ಲಿನ ಬೆಟ್ಟದಿಂದಲೋ ಬೇಸಗೆಯಲ್ಲಿ ಒಮ್ಮೆ ಕಣ್ಣು ಹಾಯಿಸಿದರೆ ಸಾಕು, ಪುಟವೇ ಭೂಮಿಯಾಗಿ ಹರಡಿದಂತೆ ಕಾಣುವುದು. ಆದರೆ ಸಿರುಗುಪ್ಪದ ದಾರಿ ಹಿಡಿದು ಹೋದರೆ ಆ ವರ್ಣನೆಯು ಸುಳ್ಳಾಗತೊಡಗುತ್ತದೆ. ತುಂಗಭದ್ರಾ ಅಣೆಕಟ್ಟೆಯು 1953ರಲ್ಲಿ ಪೂರ್ಣಗೊಂಡ ತರುವಾಯ ಕಾಲುವೆಯ ನೀರು ಹರಿದು, ಒಣನೆಲದ ಎಷ್ಟೋ ಭಾಗವು ಭತ್ತದ ಗದ್ದೆಯಾಯಿತು. ಆಕಾಶವು ಜಾಂಗಲದ್ದು, ನೆಲವು ನೀರಾಡುವ ಆನೂಪದ್ದು! ನಾಟಿಯ ದಿನಗಳಲ್ಲಿ ಸೊಂಟ ಬಗ್ಗಿಸಿ ಕೆಸರಿನಲ್ಲಿ ನಿಲ್ಲುವ ಕೂಲಿಹೆಂಗಸಿನ ಬೆರಳುಸಂದಿಯ ಹುಣ್ಣನ್ನೂ ಸೊಂಟದ ಶೂಲೆಯನ್ನೂ, ನಗರದ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಮಷೀನಿಗೆ ಬೆನ್ನು ಬಾಗಿಸಿ ಕುಳಿತ ಟೈಲರನ ಶೂಲೆಯನ್ನೂ ‘ಕಟೀಶೂಲ’ವೆಂಬ ಒಂದೇ ಶೀರ್ಷಿಕೆಯ ಕೆಳಗೆ ಬರೆದುಕೊಂಡು ಒಂದೇ ತೈಲವನ್ನು ಕೊಟ್ಟು ಕಳುಹಿಸುವವನು ಶಾಸ್ತ್ರವನ್ನು ಅನುಸರಿಸಿದಂತಾಗಲಿಲ್ಲ. ಕಾಲುವೆಯ ನೀರು ತಂದ ಈ ಹೊಸ ದೇಶವನ್ನು ಯಾವ ಸಂಹಿತೆಯೂ ವರ್ಣಿಸಿಲ್ಲ. ಅದನ್ನು ವರ್ಣಿಸಬೇಕಾದವನು ಇಲ್ಲಿಯ ವಿದ್ಯಾರ್ಥಿಯೇ. ಒಂದು ಹಳ್ಳಿಯ ಕೆಲವೇ ಮನೆಗಳನ್ನು ಬಿತ್ತನೆಯಿಂದ ಸುಗ್ಗಿಯವರೆಗೆ, ಸುಗ್ಗಿಯಿಂದ ಬಿರುಬೇಸಗೆಯವರೆಗೆ ಬಿಡದೆ ಗಮನಿಸಿದವನಿಗೆ, ಯಾವ ಋತುವಿನಲ್ಲಿ ಯಾವ ದೂರು ಏಳುವುದು, ಕೊಟ್ಟ ಮದ್ದಿಗೆ ಯಾರು ಗುಣಮುಖರಾದರು, ಯಾರು ಆಗಲಿಲ್ಲವೆಂಬುದು ಯಾರೂ ಕಸಿದುಕೊಳ್ಳಲಾಗದ ಸ್ವಂತ ಜ್ಞಾನವಾಗುವುದು.

ಧೈರ್ಯದ ಮತ್ತೊಂದು ಮುಖವು ಮಿತಿಯ ಅರಿವು. ವಿಜಯನಗರದ ಆದಿಕಾಲದಲ್ಲಿ, ಹದಿನಾಲ್ಕನೆಯ ಶತಮಾನದಲ್ಲಿ, ಮಂಗರಾಜನು ವಿಷವೈದ್ಯವನ್ನು ಕುರಿತು ‘ಖಗೇಂದ್ರಮಣಿದರ್ಪಣ’ವನ್ನು ಕನ್ನಡದಲ್ಲಿ ರಚಿಸಿದುದು ನಮ್ಮ ವೈದ್ಯಸಾಹಿತ್ಯಕ್ಕೆ ದೊಡ್ಡ ಗೌರವ. ಆದರೆ ಸಿರುಗುಪ್ಪದ ಗದ್ದೆಯ ಬದುವಿನಲ್ಲಿ ನಾಗರವೋ ಕೊಳಕುಮಂಡಲವೋ ಕಚ್ಚಿದವನನ್ನು ಹೊತ್ತು ತಂದಾಗ, ಆ ಗ್ರಂಥದ ಅಭಿಮಾನದಿಂದ ಬೇರನ್ನು ತೇಯುತ್ತ ಕುಳಿತುಕೊಳ್ಳುವುದು ಧೈರ್ಯವಲ್ಲ, ಅಪರಾಧ. ಹಾವಿನ ವಿಷಕ್ಕೆ ಪ್ರತಿವಿಷದ ಚುಚ್ಚುಮದ್ದೇ ಗತಿ. 2024ರಲ್ಲಿ ಕರ್ನಾಟಕ ಸರ್ಕಾರವು ಹಾವುಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿಯೂ ಇದೆ. ಸಾಧ್ಯಾಸಾಧ್ಯವನ್ನು ಅರಿಯದೆ ಕೈಯಿಡುವ ವೈದ್ಯನು ವಿದ್ಯೆಯನ್ನೂ ಯಶಸ್ಸನ್ನೂ ಕಳೆದುಕೊಳ್ಳುವನೆಂಬ ಎಚ್ಚರಿಕೆಯು ಚರಕನದೇ ಆಗಿರುವಾಗ, ರೋಗಿಯನ್ನು ತಡಮಾಡದೆ ದೊಡ್ಡ ಆಸ್ಪತ್ರೆಗೆ ಸಾಗಿಸುವುದರಿಂದ ಆಯುರ್ವೇದದ ಮಾನಕ್ಕೆ ಕುಂದಿಲ್ಲ.

ಹೊಸ ನಿಯಮಾವಳಿಯು ವಿದ್ಯಾರ್ಥಿಯನ್ನು ಶಾಸ್ತ್ರಕ್ಕೆ ಪರಿಚಯಿಸಲೆಂದು ಆರಂಭದಲ್ಲಿ 15 ದಿನಗಳ ಪ್ರವೇಶಪಾಠವನ್ನು ಇಟ್ಟಿರುವುದು ಸರಿಯಾದ ಹೆಜ್ಜೆಯೇ. ಆದರೆ ರೋಗಿಗೆ ಪರಿಚಯಿಸುವ ಕೆಲಸವು ಇನ್ನೂ ತಡವಾಗಿಯೇ ನಡೆಯುತ್ತಿದೆಯೆಂಬುದು ನನ್ನ ನಿರ್ಣಯ. ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ಮೊದಲನೆಯ ವರ್ಷದ ವಿದ್ಯಾರ್ಥಿಯನ್ನೂ ವಾರಕ್ಕೊಮ್ಮೆ ನಿಮ್ಮ ಹೊರರೋಗಿ ಕೋಣೆಯ ಮೂಲೆಯ ಸ್ಟೂಲಿನ ಮೇಲೆ ಕುಳ್ಳಿರಿಸಿರಿ, ನಿಮ್ಮ ಮದ್ದು ಫಲಿಸದಿದ್ದ ದಿನ ಅದನ್ನು ಅವನೆದುರಿಗೇ ಹೇಳಿರಿ, ಮತ್ತು ಕುರುಗೋಡು, ಸಿರುಗುಪ್ಪಗಳ ಹಳ್ಳಿಗಳಿಗೆ ಅವನನ್ನು ಶಿಬಿರದ ಒಂದು ಹಗಲಿಗಾಗಿ ಅಲ್ಲ, ಒಂದು ಬೆಳೆಯ ಕಾಲಕ್ಕೆ ಕಳುಹಿಸಿರಿ.