ದೊಡ್ಡ ಮನಸ್ಸು ಮಾಡುವವರು

ಇವತ್ತಿನ ಇಂಗ್ಲಿಷಿನಲ್ಲಿ ಒಬ್ಬರನ್ನು ‘ಕಾಂಡಿಸೆಂಡಿಂಗ್’ ಎಂದರೆ ಅದು ಬೈಗುಳವೇ. ನಮಗೆ ಗೊತ್ತಿರುವುದನ್ನೇ ಯಾರೋ ಮೀಟಿಂಗಿನಲ್ಲಿ ಮಗುವಿಗೆ ಹೇಳಿಕೊಡುವ ಹಾಗೆ ಬಿಡಿಸಿ ಹೇಳಿದರೆ, ಹೊರಗೆ ಬಂದು ಈ ಮಾತು ಆಡುತ್ತೇವೆ. ಆದರೆ 1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯಲ್ಲಿ ಪಾದ್ರಿ ಕಾಲಿನ್ಸ್ ತನ್ನ ಒಡತಿ ಲೇಡಿ ಕ್ಯಾಥರೀನಳನ್ನು ಬಾಯಿತುಂಬ ಹೊಗಳುವುದು ಇದೇ ಪದದಿಂದ. ಅವಳ ‘ಕಾಂಡಿಸೆನ್ಶನ್’ ಎಷ್ಟು ದೊಡ್ಡದೆಂದು ಹೇಳಿ ಅವನಿಗೆ ಸಾಕೇ ಆಗುವುದಿಲ್ಲ.

ಆ ಕಾಲಕ್ಕೆ ಇದು ಗೌರವದ ಪದ. ಮೂಲ ಲ್ಯಾಟಿನ್ನಿನಲ್ಲಿ ಇಳಿದು ಬರುವುದು ಎಂದರ್ಥ. 1755ರ ತನ್ನ ನಿಘಂಟಿನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಮೇಲಿರುವವನು ತಾನಾಗಿಯೇ ಎತ್ತರ ಬಿಟ್ಟು ಕೆಳಗಿನವರ ಜೊತೆ ಸಮನಾಗಿ ನಿಲ್ಲುವುದು ಎಂಬರ್ಥದ ವಿವರಣೆ ಕೊಡುತ್ತಾನೆ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ನಲ್ಲಿ ತನ್ನ ಜೊತೆ ಕೂತು ಮಾತಾಡಿದ ದೇವದೂತ ರಾಫೆಲನಿಗೆ ಆದಮ್ ಕೃತಜ್ಞತೆ ಹೇಳುವಾಗ ಬರುವುದೂ ಇದೇ ಪದ. ನಮಗೆ ಈ ಭಾವ ಹೊಸದಲ್ಲ. ಅವತಾರ ಎಂದರೂ ಇಳಿದು ಬರುವುದೇ. ಶ್ರೀವೈಷ್ಣವರು ದೇವರ ಗುಣಗಳಲ್ಲಿ ಎಣಿಸುವ ಸೌಶೀಲ್ಯ, ಅಂದರೆ ದೊಡ್ಡವನು ಚಿಕ್ಕವರ ಜೊತೆ ಅಂತರವಿಲ್ಲದೆ ಬೆರೆಯುವುದು, ಇದಕ್ಕೆ ತೀರ ಹತ್ತಿರ. ರಾಮ ಗುಹನನ್ನು ತಬ್ಬಿಕೊಂಡದ್ದು ಅದಕ್ಕೆ ಅವರು ಕೊಡುವ ಉದಾಹರಣೆ.

ಹಾಗಾದರೆ ಕಾಲಿನ್ಸ್ ನಮಗೆ ನಗು ತರಿಸುವುದು ಪದದ ಅರ್ಥ ಬದಲಾದದ್ದರಿಂದಲೇ? ನನಗೆ ಹಾಗನ್ನಿಸುವುದಿಲ್ಲ. ಅವನು ಕೊಡುವ ಸಾಕ್ಷಿಗಳನ್ನು ಒಂದೊಂದಾಗಿ ನೋಡಿ. ಲೇಡಿ ಕ್ಯಾಥರೀನ್ ಅವನನ್ನು ಎರಡು ಸಲ ಊಟಕ್ಕೆ ಕರೆದಿದ್ದಾಳೆ. ಇಸ್ಪೀಟಿಗೆ ಒಂದು ಕೈ ಬೇಕಾದಾಗ ಹೇಳಿಕಳಿಸಿದ್ದಾಳೆ. ಬೇಗ ಮದುವೆಯಾಗು, ಹುಡುಗಿಯನ್ನು ನೋಡಿಕೊಂಡು ಆರಿಸು ಎಂದಿದ್ದಾಳೆ. ಅವನ ಮನೆಗೆ ಬಂದು ಮಹಡಿಯ ಮೇಲೆ ಶೆಲ್ಫ್ ಎಲ್ಲಿರಬೇಕು ಎಂದು ಸೂಚಿಸಿದ್ದಾಳೆ. ಇದರಲ್ಲಿ ಎಲ್ಲಿಯೂ ಅವಳು ಒಂದು ಮೆಟ್ಟಿಲೂ ಇಳಿದಿಲ್ಲ. ಹಳೆಯ ಅರ್ಥವನ್ನೇ ಇಟ್ಟುಕೊಂಡು ಓದಿದರೂ ಪದ ಅವಳಿಗೆ ಹೊಂದುವುದಿಲ್ಲ. ಆಸ್ಟೆನ್ ನಗಿಸುವುದು ಅಲ್ಲಿಯೇ.

ಲಿಡಿಯಾ ಓಡಿಹೋದ ಮೇಲೆ ಕಾಲಿನ್ಸ್ ಬರೆಯುವ ಪತ್ರದಲ್ಲಿ ಇದು ತುದಿ ಮುಟ್ಟುತ್ತದೆ. ಇಂಥ ಮನೆತನದ ಜೊತೆ ಇನ್ನು ಯಾರೂ ಸಂಬಂಧ ಬೆಳೆಸಲಾರರು ಎಂಬ ಕಟುಮಾತನ್ನು ಲೇಡಿ ಕ್ಯಾಥರೀನ್ ಆಡಿದ್ದಾಳೆ. ಅದನ್ನು ನೊಂದ ತಂದೆಗೆ ತಲುಪಿಸುವಾಗಲೂ ಅವನು ಅದೇ ಪದದ ಕ್ರಿಯಾವಿಶೇಷಣ ಸೇರಿಸುತ್ತಾನೆ. ಅವಮಾನವೂ ಈಗ ಅನುಗ್ರಹ.

ಕನ್ನಡಕ್ಕೆ ತರುವವರು ಇಲ್ಲಿ ಏನು ಮಾಡಬೇಕು? ‘ಸೌಜನ್ಯ’ ಎಂದರೆ ಎತ್ತರ ಕಾಣಿಸುವುದಿಲ್ಲ. ‘ಹಮ್ಮು’ ಎಂದರೆ ಗುಟ್ಟು ಮೊದಲೇ ಬಿಟ್ಟುಕೊಟ್ಟಂತೆ. ನನಗೆ ಸರಿ ಕಾಣುವುದು ನಮ್ಮ ಹಳೆಯ ಅರ್ಜಿಗಳ ಭಾಷೆ: ‘ದೊಡ್ಡ ಮನಸ್ಸು ಮಾಡಿ’. ಅಮ್ಮನವರು ದೊಡ್ಡ ಮನಸ್ಸು ಮಾಡಿ ನಿಮ್ಮನ್ನು ಹೀಗಳೆದರು ಎಂದು ಕಾಲಿನ್ಸ್ ಬರೆದಂತೆ ಊಹಿಸಿಕೊಂಡರೆ ಪದದ ಎರಡೂ ಮುಖ ಒಟ್ಟಿಗೆ ಸಿಗುತ್ತವೆ.

ಕಾದಂಬರಿಯಲ್ಲಿ ನಿಜವಾಗಿ ಇಳಿದು ಬರಬೇಕಾದವನು ಡಾರ್ಸಿ. ಮೊದಲ ಸಲ ಎಲಿಜಬೆತಳನ್ನು ಮದುವೆಗೆ ಕೇಳುವಾಗ, ಅವಳ ಮನೆತನ ತನಗಿಂತ ಎಷ್ಟು ಕೆಳಗಿನದು ಎಂಬುದನ್ನೇ ವಿವರವಾಗಿ ಹೇಳುತ್ತಾನೆ. ಅವಳು ನಿರಾಕರಿಸುತ್ತಾಳೆ. ಮುಂದೆ ಪೆಂಬರ್ಲಿಯಲ್ಲಿ ಲಂಡನ್ನಿನ ವ್ಯಾಪಾರಿಯಾದ ಅವಳ ಸೋದರಮಾವ ಗಾರ್ಡಿನರ್ ಎದುರಾದಾಗ, ಬೇಕಾದಾಗ ಬಂದು ಮೀನು ಹಿಡಿಯಿರಿ, ಗಾಳ ನಾನು ಕೊಡುತ್ತೇನೆ ಎನ್ನುತ್ತಾನೆ. ಇಲ್ಲಿ ಅವನನ್ನು ಹೊಗಳಲು ಕಾಲಿನ್ಸನ ಪದ ಬೇಕಾಗುವುದಿಲ್ಲ.

ಆದರೆ ಆಸ್ಟೆನ್‌ಳಿಗೂ ಒಂದು ಮಿತಿಯಿದೆ. ತಾನು ಡಾರ್ಸಿಗೆ ಸಮ ಎಂದು ಎಲಿಜಬೆತ್ ವಾದಿಸುವುದು ತಾನೂ ಜಂಟಲ್‌ಮನ್ ಒಬ್ಬನ ಮಗಳು ಎಂಬ ಆಧಾರದ ಮೇಲೆ. ಕಾಲಿನ್ಸ್ ಕಾಂಡಿಸೆನ್ಶನ್ ಜೊತೆ ಜೋಡಿಯಾಗಿ ಬಳಸುವ ಇನ್ನೊಂದು ಪದ ‘ಅಫಬಿಲಿಟಿ’, ಹಸನ್ಮುಖತೆ. ಬಡವರ ಜೊತೆ ಡಾರ್ಸಿ ಹೀಗೆಯೇ ಇರುತ್ತಾನೆ ಎಂದು ಪೆಂಬರ್ಲಿಯ ಮನೆಯಾಡಳಿತದ ಹೆಂಗಸು ಹೊಗಳುವಾಗ ಅದೇ ಪದ ವಿಶೇಷಣವಾಗಿ ಮರಳಿ ಬರುತ್ತದೆ. ಈ ಸಲ ವ್ಯಂಗ್ಯವಿಲ್ಲ. ಸಿರಿವಂತರ ನಡುವಿನ ಎತ್ತರವನ್ನು ಕಾದಂಬರಿ ಗೇಲಿ ಮಾಡುತ್ತದೆ. ಅವರ ಕೆಳಗಿನವರ ಮಟ್ಟಿಗೆ ಇಳಿದು ಬರುವುದು ಇನ್ನೂ ಸದ್ಗುಣವೇ.

ನಾವು ಇದನ್ನು ದಾಟಿದ್ದೇವೆಯೇ? ಕಂಪನಿಯ ದೊಡ್ಡ ಸಾಹೇಬರು ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತರೆ ಫೋಟೋ ಗುಂಪಿನಿಂದ ಗುಂಪಿಗೆ ಓಡುತ್ತದೆ. ‘ಅಷ್ಟು ದೊಡ್ಡ ಮನುಷ್ಯ, ಆದರೂ ಎಷ್ಟು ಸಿಂಪಲ್!’ ದಿನವೂ ಅದೇ ಸಾಲಿನಲ್ಲಿ ನಿಲ್ಲುವ ಟೆಸ್ಟಿಂಗ್ ಹುಡುಗನನ್ನು ಯಾರೂ ಸಿಂಪಲ್ ಎನ್ನುವುದಿಲ್ಲ. ಎತ್ತರ ಅಡಗಿ ಕೂತಿರುವುದು ಆ ‘ಆದರೂ’ ಎಂಬಲ್ಲಿ. ನನ್ನಂಥ ಮ್ಯಾನೇಜರುಗಳಿಗೂ ಈ ಹೊಗಳಿಕೆ ಸಿಗುತ್ತದೆ, ಅದೂ ಅಪ್ರೈಸಲ್ ತಿಂಗಳಲ್ಲಿ ಸ್ವಲ್ಪ ಜಾಸ್ತಿ. ಒಂದೇ ಮೇಜಿನಲ್ಲಿ ಚಹಾ ಕುಡಿದ ಮಾತ್ರಕ್ಕೆ ರೇಟಿಂಗ್ ಕೊಡುವ ಕೈ ಬದಲಾಗುವುದಿಲ್ಲ ಎಂದು ಹೊಗಳುವವರಿಗೆ ಗೊತ್ತು.

ಹಾಗೆಂದು ಆ ಚಹಾ ಬೇಡವೆಂದಲ್ಲ. ಲೇಡಿ ಕ್ಯಾಥರೀನ್‌ಗೂ ಡಾರ್ಸಿಗೂ ವ್ಯತ್ಯಾಸ ಇದ್ದೇ ಇದೆ. ಎಲಿಜಬೆತ್ ಬಂದು ಪಿಯಾನೋ ಅಭ್ಯಾಸ ಮಾಡಬಹುದು ಎನ್ನುತ್ತಾಳೆ ಲೇಡಿ ಕ್ಯಾಥರೀನ್. ಆದರೆ ಪರಿವಾರದ ಹೆಂಗಸಿನ ಕೋಣೆಯಲ್ಲಿ, ಯಾರಿಗೂ ಅಡ್ಡಿಯಾಗದ ಕಡೆ. ಡಾರ್ಸಿ ಗಾರ್ಡಿನರ್‌ಗೆ ಬಿಟ್ಟುಕೊಡುವುದು ತಾನೇ ಓಡಾಡುವ ಹೊಳೆಯ ದಂಡೆಯನ್ನು. ಒಬ್ಬರ ಸರಳತೆಯನ್ನು ಹೊಗಳುವ ಮೊದಲು, ಅವರು ನಮಗೆ ಕೊಟ್ಟದ್ದು ಯಾವ ಕೋಣೆ ಎಂದು ಒಮ್ಮೆ ನೋಡಿಕೊಳ್ಳಬಹುದು.